ಖಡ್ಗಗಳ ಕೊಡುಕೊಳೆ

ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಸಾಯಗಾಂವ ಗಡಿನಾಡಿನ ಗ್ರಾಮ. ಈ ಭಾಗದ ಜನರ ಮಾತಿನಲ್ಲಿ ಕನ್ನಡ, ಮರಾಠಿ, ಉರ್ದು ಶಬ್ದಗಳು ಬೆರೆತಿವೆ. ನುಡಿಯಂತೆಯೇ ಆಯುಧಗಳೂ ನಾಡಿನಿಂದ ನಾಡಿಗೆ ಸಂಚರಿಸಿ, ರೂಪ ಬದಲಿಸುತ್ತವೆ ಎಂಬುದಕ್ಕೆ ದಖ್ಖನ್ನಿನ ಖಡ್ಗಗಳೇ ಸಾಕ್ಷಿ.

ಕನ್ನಡ ನಾಡಿನ ವೀರಗಲ್ಲುಗಳಲ್ಲಿ ನೇರವಾದ ಅಲಗಿನ ಕತ್ತಿಗಳನ್ನು ಹಿಡಿದ ವೀರರನ್ನು ಕಾಣುತ್ತೇವೆ. ಮುಂದೆ ಮಧ್ಯ ಏಷ್ಯದ ಕುದುರೆ ಸವಾರರೊಡನೆ ಬಾಗಿದ ಕತ್ತಿ ಭಾರತದಲ್ಲಿ ಬಳಕೆಗೆ ಬಂದಿತು. ಓಡುವ ಕುದುರೆಯ ಮೇಲಿನಿಂದ ಬೀಸಿದಾಗ ಬಾಗಿದ ಅಲಗು ತಗುಲಿದೆಡೆ ಜಾರುತ್ತ ಕೊಯ್ಯುತ್ತದೆ. ಚುಚ್ಚುವುದಕ್ಕೆ ನೇರವಾದ ಅಲಗೇ ಮೇಲು. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ಬೀದರಿಗೆ ಹೊರನಾಡಿನ ಯೋಧರೂ ವರ್ತಕರೂ ವಿದ್ವಾಂಸರೂ ಬಂದು ನೆಲೆಸಿದರು. 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನನು ಇರಾನಿನ ಗಿಲಾನ್ ಪ್ರಾಂತದವನು.

ಕೊಡುಕೊಳೆ ಒಮ್ಮುಖವಾಗಿರಲಿಲ್ಲ. ಕಬ್ಬಿಣವನ್ನು ಸಸ್ಯಪದಾರ್ಥಗಳೊಡನೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ, ಬಹುಹೊತ್ತು ಕಾಯಿಸಿ, ಉತ್ತಮವಾದ ಉಕ್ಕನ್ನು ಪಡೆಯುವ ವಿದ್ಯೆಯನ್ನು ದಕ್ಷಿಣ ಭಾರತದ ಕಮ್ಮಾರರು ಬಲ್ಲವರಾಗಿದ್ದರು. ಇಂದಿನ ತೆಲಂಗಾಣದ ಕೋನಸಮುದ್ರಂ ಇದಕ್ಕೆ ಹೆಸರಾಗಿತ್ತು. ಈ ಉಕ್ಕಿನ ಗಟ್ಟಿಗಳನ್ನು ಇರಾನಿನ ವರ್ತಕರು ಕೊಂಡೊಯ್ಯುತ್ತಿದ್ದರು. ಇಂಗ್ಲಿಷರು ಅದನ್ನು ‘ವೂಟ್ಸ್’ ಎಂದು ಕರೆದರು. ಈ ಹೆಸರು ಕನ್ನಡದ ‘ಉಕ್ಕು’ ಶಬ್ದದಿಂದಲೇ ಹುಟ್ಟಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ.

1510ರಲ್ಲಿ ಪೋರ್ಚುಗೀಸರು ಗೋವೆಯನ್ನು ವಶಪಡಿಸಿಕೊಂಡರು. ಪಶ್ಚಿಮ ಕರಾವಳಿಯ ಬಂದರುಗಳಿಗೆ ಯುರೋಪಿನ ಉದ್ದವಾದ, ನೇರವಾದ ಅಲಗುಗಳು ಬಂದವು. ದಖ್ಖನ್ನಿನ ಕುಶಲಿಗಳು ಅವಕ್ಕೆ ಕೈಯನ್ನು ಕಾಯುವ ಅಗಲವಾದ ದೇಶೀಯ ಹಿಡಿಕೆಯನ್ನು ಜೋಡಿಸಿದರು. ಹಿಡಿಕೆಯ ತುದಿಯಲ್ಲಿದ್ದ ಉದ್ದನೆಯ ಮೊಳೆಯನ್ನು ಇನ್ನೊಂದು ಕೈಯಿಂದ ಹಿಡಿದು, ಎರಡೂ ಕೈಗಳಿಂದ ಹೊಡೆಯಬಹುದಾಗಿತ್ತು. ಈ ಖಡ್ಗಕ್ಕೆ ‘ಫಿರಂಗಿ’ ಎಂದು ಹೆಸರಾಯಿತು. ಕನ್ನಡದಲ್ಲಿ ತೋಪಿಗೂ ಇದೇ ಹೆಸರು. ‘ಪರಂಗಿ ಹಣ್ಣು’ ಎಂಬಲ್ಲಿಯೂ ಅದೇ ಶಬ್ದ. ಹೊರಗಿನಿಂದ ಬಂದುದನ್ನು ಜನರು ಹೆಸರಿಟ್ಟು ತಮ್ಮದಾಗಿಸಿಕೊಂಡರು.

ಆದರೆ ರೂಪಸಾಮ್ಯವೆಲ್ಲವೂ ಎರವಲಲ್ಲ. ಕೊಡವರ ಆಯುಧಕತ್ತಿಯ ಅಗಲವಾದ ಅಲಗು ಮುಂದಕ್ಕೆ ಬಾಗಿದೆ; ಅದರ ಒಳಬದಿಯೇ ಹರಿತ. ಪ್ರಾಚೀನ ಗ್ರೀಕರ ಕೋಪಿಸ್ ಕತ್ತಿಯೂ ಮುಂದಕ್ಕೆ ಬಾಗಿದುದೇ. ಇಷ್ಟರಿಂದಲೇ ಒಂದು ಇನ್ನೊಂದರಿಂದ ಬಂದಿತೆನ್ನಲಾಗದು. ಭಾರವು ತುದಿಯ ಕಡೆಗಿದ್ದರೆ ಏಟು ಬಲವಾಗುತ್ತದೆ. ಕಾಡು ಸವರುವ ಕೈಗೆ ಅಂತಹ ಕತ್ತಿಯೇ ಅನುಕೂಲ. ಸಮಾನವಾದ ಅಗತ್ಯವು ದೂರದ ನಾಡುಗಳಲ್ಲಿಯೂ ಸಮಾನವಾದ ರೂಪವನ್ನು ಹುಟ್ಟಿಸಬಲ್ಲದು.

ಇಂತಹ ಪ್ರಶ್ನೆ ನಮ್ಮ ನಾಡಿಗಷ್ಟೇ ಸೀಮಿತವಲ್ಲ. ಜಾವಾ ದ್ವೀಪದ ‘ಕ್ರಿಸ್’ ಅಲೆಯಂತೆ ಬಳುಕಿದ ಅಲಗಿಗೆ ಪ್ರಸಿದ್ಧವಾದ ಕಠಾರಿ. ಫಿಲಿಪೈನ್ಸಿನ ದಕ್ಷಿಣ ದ್ವೀಪಗಳಲ್ಲಿ ಅದು ದೊಡ್ಡ ಖಡ್ಗವಾಗಿ ಬೆಳೆಯಿತು. ಒಂದೇ ಬದಿ ಹರಿತವಿದ್ದು, ಸವಾರರ ಕತ್ತಿಯಂತೆ ಬಾಗಿದ ಅಪರೂಪದ ಕ್ರಿಸ್‌ಗಳನ್ನು ಕಂಡಾಗ, ಇದು ಪರಕೀಯ ಪ್ರಭಾವವೋ ಅಲ್ಲಿನವರ ಸ್ವಂತ ಕಲ್ಪನೆಯೋ ಎಂಬ ಪ್ರಶ್ನೆ ಏಳುತ್ತದೆ. ಹೋಲಿಕೆ ವಿಚಾರಣೆಯ ಆರಂಭವೇ ಹೊರತು ತೀರ್ಪಲ್ಲ. ವ್ಯಾಪಾರದ ಹಾದಿ, ಕಾಲ, ಲೋಹ, ಹೆಸರು ಇವು ಒಂದೇ ದಿಕ್ಕನ್ನು ತೋರಿದಾಗ ಮಾತ್ರ ಪ್ರಭಾವವನ್ನು ಒಪ್ಪಬೇಕು.

ಪರಸ್ಪರ ಕಾದಾಡಿದವರೂ ಒಬ್ಬರಿಂದೊಬ್ಬರು ಕಲಿತರು. ಯುದ್ಧಗಳು ಮುಗಿದುಹೋದವು, ಉಳಿದುದು ಆ ಕಲಿಕೆ. ಫಿರಂಗಿಯ ಅಲಗು ಪರದೇಶದ್ದು, ಹಿಡಿಕೆ ಈ ನೆಲದ್ದು. ಇವೆರಡೂ ಸೇರಿದಾಗಲೇ ಅದು ದಖ್ಖನ್ನಿನ ಖಡ್ಗವಾಯಿತು.