ಕಮಿ ಮೆಟ್ಟಿಲು ಕಟ್ಟಿದ ಬಾಣಸಿಗ

ದುಬೈನ ಪಂಚತಾರಾ ಹೋಟೆಲಿನ ಅಡುಗೆಮನೆಗೆ ಹೊಸದಾಗಿ ಸೇರುವ ನಮ್ಮ ಕಡೆಯ ಹುಡುಗರ ನೇಮಕಾತಿ ಪತ್ರದಲ್ಲಿ ಹುದ್ದೆ ಸಾಮಾನ್ಯವಾಗಿ ‘ಕಮಿ 3’ ಎಂದಿರುತ್ತದೆ. ಕಮಿ ಎಂದರೆ ಕಿರಿಯ ಬಾಣಸಿಗ; ಕಮಿ 3 ಅಡುಗೆಮನೆಯ ಹುದ್ದೆಗಳ ಏಣಿಯ ಕೆಳಗಿನ ಮೆಟ್ಟಿಲು. ಅದರ ಮೇಲೆ ಕಮಿ 2, ಕಮಿ 1, ಡೆಮಿ ಶೆಫ್, ಒಂದೊಂದು ವಿಭಾಗಕ್ಕೆ ಹೊಣೆಯಾದ ಶೆಫ್ ದ ಪಾರ್ಟಿ, ಸೂ ಶೆಫ್. ತುದಿಯಲ್ಲಿ ಎಕ್ಸಿಕ್ಯುಟಿವ್ ಶೆಫ್. ಸಿಂಗಪುರಕ್ಕೆ ಹೋಗಲಿ, ಲಂಡನ್ನಿಗೆ ಹೋಗಲಿ, ದೊಡ್ಡ ಹೋಟೆಲುಗಳಲ್ಲಿ ಹೆಚ್ಚುಕಡಿಮೆ ಇದೇ ಏಣಿ.

ಇದಕ್ಕೆ ರೂಪ ಕೊಟ್ಟವನು ಫ್ರಾನ್ಸಿನ ಆಗಸ್ಟ್ ಎಸ್ಕೋಫಿಯೆ. 1846ರಲ್ಲಿ ಹುಟ್ಟಿದ ಆತ 13ನೇ ವಯಸ್ಸಿಗೇ ನೀಸ್ ನಗರದ ಸಂಬಂಧಿಕರ ರೆಸ್ಟೋರೆಂಟಿನಲ್ಲಿ ಕೆಲಸಕ್ಕೆ ನಿಂತ. 1865ರಲ್ಲಿ ಪ್ಯಾರಿಸ್ಸಿನ ‘ಪೆತಿ ಮುಲಾಂ ರೂಜ್’ ಸೇರಿದ್ದು ಮಾಂಸ ಸುಡುವ ವಿಭಾಗದ ಕಮಿಯಾಗಿ. ಆ ಕಾಲದ ಅಡುಗೆಮನೆ ಎಂದರೆ ಉಸಿರುಗಟ್ಟಿಸುವ ಸೆಕೆ, ಬೈಗುಳ, ಕುಡಿತ. 1870ರ ಫ್ರಾನ್ಸ್-ಪ್ರಷ್ಯಾ ಯುದ್ಧದಲ್ಲಿ ಸೈನ್ಯಕ್ಕೆ ಅಡುಗೆ ಮಾಡಿ ಬಂದ ಎಸ್ಕೋಫಿಯೆ, ಸೇನೆಯ ದರ್ಜೆಗಳ ಶಿಸ್ತನ್ನು ಒಲೆಯ ಮುಂದೆ ತಂದು ನಿಲ್ಲಿಸಿದ. 1890ರಲ್ಲಿ ಹೋಟೆಲು ವ್ಯವಸ್ಥಾಪಕ ಸೀಸರ್ ರಿಟ್ಜ್ ಜೊತೆ ಲಂಡನ್ನಿನ ಸವಾಯ್ ಹೋಟೆಲಿಗೆ ಬಂದ ಮೇಲೆ ಆ ಪದ್ಧತಿ ಗಟ್ಟಿಯಾಯಿತು.

‘ಮೇಯರ್‌ಬೇರ್’ ಮೊಟ್ಟೆಯ ಉದಾಹರಣೆಯನ್ನೇ ನೋಡಿ. ಒಬ್ಬನೇ ಮಾಡಿದರೆ ಹದಿನೈದು ನಿಮಿಷ ಹಿಡಿಯುತ್ತಿದ್ದ ತಿನಿಸು. ಎಸ್ಕೋಫಿಯೆಯ ಅಡುಗೆಮನೆಯಲ್ಲಿ ಒಬ್ಬ ಬೆಣ್ಣೆಯಲ್ಲಿ ಮೊಟ್ಟೆ ಬೇಯಿಸುತ್ತಿದ್ದ, ಇನ್ನೊಬ್ಬ ಕುರಿಯ ಮೂತ್ರಪಿಂಡ ಸುಡುತ್ತಿದ್ದ, ಮತ್ತೊಬ್ಬ ಟ್ರಫಲ್ ಸಾಸ್ ಮಾಡುತ್ತಿದ್ದ. ಕೆಲವೇ ನಿಮಿಷಗಳಲ್ಲಿ ತಟ್ಟೆ ಸಿದ್ಧ. ಆತ ಮದ್ಯದ ಬದಲು ಬಾರ್ಲಿ ನೀರು ಇಡಿಸಿದ, ಕೂಗಾಟ ನಿಲ್ಲಿಸಿದ, ಕೆಲಸಗಾರರಿಗೆ ಓದಿಕೊಳ್ಳಿ ಎಂದು ಹೇಳುತ್ತಿದ್ದ. ನನ್ನ ಮಟ್ಟಿಗೆ ಆತನ ದೊಡ್ಡತನ ಇರುವುದು ಇಲ್ಲೇ.

ಇಂದಿನ ಕಮಿಯ ದಿನ ಹೆಚ್ಚುವ ಹಲಗೆಯ ಮುಂದೆ ಶುರುವಾಗುತ್ತದೆ. ತರಕಾರಿಗೆ ಹಸಿರು ಹಲಗೆ, ಹಸಿ ಮಾಂಸಕ್ಕೆ ಕೆಂಪು, ಮೀನಿಗೆ ನೀಲಿ. ಕ್ಯಾರೆಟ್ ಅನ್ನು ಮೂರು ಮಿಲಿಮೀಟರಿನ ಚೌಕಗಳಾಗಿ ಹೆಚ್ಚಬೇಕು. ಒಂದು ದಪ್ಪ, ಒಂದು ಸಣ್ಣ ಆದರೆ ಒಂದು ಬೇಯುವಷ್ಟರಲ್ಲಿ ಇನ್ನೊಂದು ಕರಗಿಹೋಗುತ್ತದೆ. ಹೆಚ್ಚಿದ್ದಕ್ಕೆ ದಿನಾಂಕದ ಚೀಟಿ ಅಂಟಿಸಿ ಚಿಲ್ಲರ್‌ನಲ್ಲಿ ಇಡಬೇಕು, ಹಳೆಯದು ಮೊದಲು ಕೈಗೆ ಸಿಗುವಂತೆ ಜೋಡಿಸಬೇಕು. ಇದು ಕೀಳು ಕೆಲಸವಲ್ಲ, ಇಡೀ ಅಡುಗೆಮನೆ ನಿಂತಿರುವುದೇ ಇದರ ಮೇಲೆ.

ಆದರೆ ಎಸ್ಕೋಫಿಯೆ ಮಾಂಸ ಸುಡುವ ವಿಭಾಗದಿಂದ ತಣ್ಣನೆಯ ಅಡುಗೆಗೆ, ಅಲ್ಲಿಂದ ಸಾಸ್‌ಗೆ ದಾಟಿ, ಕೊನೆಗೆ ಪೆತಿ ಮುಲಾಂ ರೂಜ್‌ನಲ್ಲೇ ಮುಖ್ಯ ಶೆಫ್ ಆದವನು. ವಿಭಾಗ ಬದಲಾಗುತ್ತ ಹೋದರೇ ಕಮಿ ಶೆಫ್ ಆಗುವುದು. ವರ್ಷಗಟ್ಟಲೆ ಈರುಳ್ಳಿಯ ಮುಂದೆಯೇ ನಿಲ್ಲಿಸುವ ಹೋಟೆಲು ಆತನ ಶಿಸ್ತನ್ನು ಮಾತ್ರ ತೆಗೆದುಕೊಂಡು ಕಲಿಕೆಯನ್ನು ಕೈಬಿಟ್ಟಿದೆ.

ನೀವೂ ಇಂಥ ಕೆಲಸಕ್ಕೆ ಹೊರಡುವವರಾದರೆ, ಹೊರಡುವ ಮೊದಲು ಎಷ್ಟು ತಿಂಗಳಿಗೆ ವಿಭಾಗ ಬದಲಾಗುತ್ತದೆ ಎಂದು ಕೇಳಿ. ಏಜೆಂಟನ ನೋಂದಣಿಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಪರಿಶೀಲಿಸಿ. ಯುಎಇಯ 2021ರ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿ ವೆಚ್ಚವನ್ನು ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ, ಆತನ ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತೆಯೂ ಇಲ್ಲ.