ಹಳೆಯ ಸೈಕಲ್ಲಿಗೆ ನಡು ಎಳೆತದ ಬ್ರೇಕು

ಸೈಕಲ್ಲು ಎಷ್ಟು ಹಗುರವಾಗಿ ಓಡುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂದು ಕೇಳುವವರು ವಿರಳ. ಗಂಟೆಗೆ 18 ಕಿ.ಮೀ. ಎಂದರೆ ಸೆಕೆಂಡಿಗೆ 5 ಮೀಟರ್. ಒಳ್ಳೆಯ ಬ್ರೇಕು ಈ ವೇಗವನ್ನು ಪ್ರತಿ ಸೆಕೆಂಡಿಗೆ 4 ಮೀಟರಿನಷ್ಟು ಇಳಿಸಿದರೆ ಸೈಕಲ್ಲು ಸುಮಾರು 3 ಮೀಟರಿನಲ್ಲಿ ನಿಲ್ಲುತ್ತದೆ. ಸಡಿಲ ಬ್ರೇಕು 2 ಮೀಟರಿನಷ್ಟು ಮಾತ್ರ ಇಳಿಸಿದರೆ 6 ಮೀಟರಿಗೂ ಹೆಚ್ಚು ಬೇಕು. ವೇಗ ಎರಡರಷ್ಟಾದರೆ ಈ ದೂರ ನಾಲ್ಕರಷ್ಟಾಗುತ್ತದೆ. ಪುರಾತನ ಸೈಕಲ್ಲುಗಳನ್ನು ದುರಸ್ತಿ ಮಾಡುವ ಹವ್ಯಾಸಿಗಳು ಬಣ್ಣಕ್ಕಿಂತ ಮೊದಲು ಬ್ರೇಕಿನ ಕಡೆ ನೋಡುವುದು ಈ ಕಾರಣಕ್ಕೇ.

ಇಂಗ್ಲೆಂಡ್ ಮತ್ತು ಫ್ರಾನ್ಸ್‌ಗಳಲ್ಲಿ 1960 ಮತ್ತು 70ರ ದಶಕಗಳ ಉಕ್ಕಿನ ಫ್ರೇಮುಗಳಿಗೆ ಇಂದಿಗೂ ಬೇಡಿಕೆಯಿದೆ. ಅವುಗಳಿಗೆ ಒಪ್ಪುವ ಬ್ರೇಕುಗಳಲ್ಲಿ ಒಂದು 'ಸೆಂಟರ್ ಪುಲ್', ಅಂದರೆ ನಡು ಎಳೆತದ ಬ್ರೇಕು. ಫ್ರಾನ್ಸಿನ ಕ್ಲೆರ್ಮಾಂ ಫೆರಾಂ ನಗರದ ಮಫಾಕ್ ಕಂಪೆನಿ 1950ರ ದಶಕದಲ್ಲಿ ಇದನ್ನು ಜನಪ್ರಿಯಗೊಳಿಸಿತು. ವೈನ್‌ಮನ್, ಜಪಾನಿನ ಡಯಾ ಕಾಂಪೆ ಮುಂತಾದವರೂ ಇಂಥವನ್ನು ತಯಾರಿಸಿದರು.

ಎರಡು ಸನ್ನೆಗಳ ಆಟ

ಹಳೆಯ ಪಕ್ಕ ಎಳೆತದ ಬ್ರೇಕಿನಲ್ಲಿ ಎರಡೂ ತೋಳುಗಳು ಒಂದೇ ಬೋಲ್ಟಿನ ಮೇಲೆ ತಿರುಗುತ್ತವೆ. ಕೇಬಲ್ ಒಂದು ಪಕ್ಕದಿಂದ ಎಳೆಯುತ್ತದೆ. ಹೀಗಾಗಿ ಒಂದು ರಬ್ಬರ್ ರಿಮ್ಮಿಗೆ ತಾಗಿಕೊಂಡೇ ಇರುವುದು ಸಾಮಾನ್ಯ ತೊಂದರೆ. ನಡು ಎಳೆತದ ಬ್ರೇಕಿನಲ್ಲಿ ಪ್ರತಿ ತೋಳಿಗೂ ಅದರದೇ ಆನಿಕೆ ಬಿಂದು ಇರುತ್ತದೆ. ತೋಳುಗಳ ಮೇಲ್ತುದಿಗಳನ್ನು ಒಂದು ಚಿಕ್ಕ ಅಡ್ಡತಂತಿ ಜೋಡಿಸುತ್ತದೆ. ಬ್ರೇಕಿನ ಕೇಬಲ್ ಒಂದು ಕೊಕ್ಕೆಯ ಮೂಲಕ ಆ ತಂತಿಯ ನಡುಭಾಗವನ್ನು ಮೇಲಕ್ಕೆ ಎಳೆದಾಗ ಬಲ ಎರಡೂ ಕಡೆಗೆ ಸಮನಾಗಿ ಹಂಚಿಕೆಯಾಗುತ್ತದೆ.

ಆದರೆ ಸನ್ನೆಯ ನಿಯಮ ಇಲ್ಲಿಯೂ ತಪ್ಪದು. ಉದಾಹರಣೆಗೆ, ಆನಿಕೆಯಿಂದ ತಂತಿಗೆ 60 ಮಿ.ಮೀ., ರಬ್ಬರಿಗೂ 60 ಮಿ.ಮೀ. ಇದೆ ಎನ್ನೋಣ. ತಂತಿಯ ಬಲ 100 ನ್ಯೂಟನ್ ಆದರೆ ರಬ್ಬರ್ ಒತ್ತುವುದೂ 100 ನ್ಯೂಟನ್. ರಬ್ಬರನ್ನು 4 ಮಿ.ಮೀ. ಕೆಳಗಿಳಿಸಿದರೆ ಅದು ಸುಮಾರು 94 ನ್ಯೂಟನ್ನಿಗೆ ಇಳಿಯುತ್ತದೆ.

ಈ 4 ಮಿ.ಮೀ. ಎಲ್ಲಿಂದ ಬಂತು? ಆ ಕಾಲದ ಅನೇಕ ಫ್ರೇಮುಗಳು 27 ಇಂಚಿನ ಚಕ್ರಕ್ಕೆಂದು ತಯಾರಾದವು. ಆ ರಿಮ್ಮಿನ ಮೇಲೆ ಟೈರು ಕೂರುವ ವೃತ್ತದ ವ್ಯಾಸ 630 ಮಿ.ಮೀ. ಇಂದು ಸುಲಭವಾಗಿ ಸಿಗುವ 700ಸಿ ಚಕ್ರದಲ್ಲಿ ಅದು 622 ಮಿ.ಮೀ. ವ್ಯಾಸದಲ್ಲಿ 8 ಕಡಿಮೆಯಾದರೆ ತ್ರಿಜ್ಯದಲ್ಲಿ 4 ಕಡಿಮೆ. ರಬ್ಬರ್ ಅಷ್ಟು ಕೆಳಗೆ ಮುಟ್ಟಲೇಬೇಕು. ಆದ್ದರಿಂದ ಬ್ರೇಕು ಕೊಳ್ಳುವ ಮೊದಲು ಬೋಲ್ಟಿನ ತೂತಿನ ಮಧ್ಯದಿಂದ ರಿಮ್ಮಿನ ಪಕ್ಕದ ಮೈವರೆಗೆ ಅಳೆಯಬೇಕು. ತೋಳು ಗಿಡ್ಡವಾದರೆ ರಬ್ಬರ್ ಟೈರನ್ನು ಉಜ್ಜಿ ಹರಿಯುತ್ತದೆ. ತೀರಾ ಕೆಳಗಿದ್ದರೆ ಜಾರಿ ಕಡ್ಡಿಗಳ ನಡುವೆ ಸಿಕ್ಕಿಕೊಳ್ಳುತ್ತದೆ.

ಜೋಡಿಸುವ ಕ್ರಮ

ಹಳೆಯ ಮಾದರಿಯ ಈ ಬ್ರೇಕುಗಳಿಗೆ ಉದ್ದ ಬೋಲ್ಟು, ಸಾಧಾರಣ ನಟ್ಟು ಇರುವುದರಿಂದ ಫ್ರೇಮಿನ ತೂತನ್ನು ದೊಡ್ಡದು ಮಾಡಬೇಕಿಲ್ಲ. ಕೇಬಲಿನ ಹೊರಕವಚ ತಡೆದು ನಿಲ್ಲಲು ಪುಟ್ಟ ತಡೆಪಟ್ಟಿಗಳು ಬೇಕು: ಮುಂದಿನದು ಹ್ಯಾಂಡಲಿನ ಕೆಳಗಿರುವ ಹೆಡ್ ನಟ್ಟಿನ ಅಡಿಯಲ್ಲಿ, ಹಿಂದಿನದು ಸೀಟಿನ ಬೋಲ್ಟಿನಲ್ಲಿ. ಕೊಕ್ಕೆಗೂ ತಡೆಪಟ್ಟಿಗೂ ನಡುವೆ ಸಾಕಷ್ಟು ಜಾಗ ಬಿಡಬೇಕು. ಇಲ್ಲದಿದ್ದರೆ ರಬ್ಬರ್ ರಿಮ್ಮನ್ನು ಹಿಡಿಯುವ ಮೊದಲೇ ಕೊಕ್ಕೆ ತಡೆಪಟ್ಟಿಗೆ ತಾಗಿ ನಿಲ್ಲುತ್ತದೆ.

ಗಟ್ಟಿಯಾದ ಹಳೆಯ ರಬ್ಬರ್, ತುಕ್ಕು ಹಿಡಿದ ಕೇಬಲ್ ಎರಡನ್ನೂ ಬದಲಿಸಬೇಕು. ರಬ್ಬರ್ ಕೂರುವ ಲೋಹದ ಗೂಡಿನ ಒಂದು ತುದಿ ತೆರೆದಿದ್ದರೆ ಮುಚ್ಚಿದ ತುದಿ ಮುಂದಕ್ಕಿರಬೇಕು. ಏಕೆ? ಬ್ರೇಕು ಹಿಡಿಯುವ ಜಾಗದಲ್ಲಿ ರಿಮ್ ಮುಂದಕ್ಕೆ ಚಲಿಸುತ್ತದೆ, ರಬ್ಬರನ್ನೂ ಜೊತೆಗೇ ಎಳೆಯುತ್ತದೆ. ತೆರೆದ ತುದಿ ಮುಂದಿದ್ದರೆ ಬ್ರೇಕು ಹಿಡಿದ ಕ್ಷಣದಲ್ಲೇ ರಬ್ಬರ್ ಹೊರಗೆ ಹಾರಬಹುದು!

ಇನ್ನೊಂದು ಅಪಾಯ ಕಣ್ಣಿಗೆ ಬೀಳದಂಥದು. ಮುಂದಿನ ಕೇಬಲ್ ತುಂಡಾದರೆ ಅಡ್ಡತಂತಿ ಟೈರಿನ ಮೇಲೆ ಬೀಳುತ್ತದೆ. ಟೈರಿನ ಉಬ್ಬುಗಳಿಗೆ ಅದು ಸಿಕ್ಕಿಕೊಂಡರೆ ಚಕ್ರ ಥಟ್ಟನೆ ನಿಂತು ಸವಾರ ಮುಗ್ಗರಿಸುತ್ತಾನೆ. ಮಡ್‌ಗಾರ್ಡ್ ಇದ್ದರೆ ಈ ಭಯವಿಲ್ಲ. ಅಂದಕ್ಕಾಗಿ ಅದನ್ನು ತೆಗೆಯುವವರು ಇದನ್ನು ಯೋಚಿಸಬೇಕು.

ರಿಮ್ ಯಾವುದು ಎಂಬುದೂ ಮುಖ್ಯ. ಕ್ರೋಮ್ ಲೇಪಿಸಿದ ಉಕ್ಕಿನ ರಿಮ್ ಮಳೆಯಲ್ಲಿ ನೆನೆದರೆ ರಬ್ಬರಿನ ಹಿಡಿತ ತೀರಾ ಕುಗ್ಗುತ್ತದೆ. ಅಲ್ಯುಮಿನಿಯಂ ರಿಮ್ ಎಷ್ಟೋ ವಾಸಿ. ನಮ್ಮ ಊರುಗಳಲ್ಲಿ ಕಾಣುವ, ಕಂಬಿಯಿಂದ ಎಳೆಯುವ ಬ್ರೇಕಿನ ದೊಡ್ಡ ಸೈಕಲ್ಲಿನ ಕಥೆಯೇ ಬೇರೆ. ಅದರ ರಬ್ಬರ್ ರಿಮ್ಮಿನ ಒಳಮೈಯನ್ನು ಒತ್ತುತ್ತದೆ. ಆ ರಿಮ್ಮಿಗೆ ಚಪ್ಪಟೆಯಾದ ಪಕ್ಕಗಳಿಲ್ಲ. ಚಕ್ರ ಬದಲಿಸದೆ ಅದಕ್ಕೆ ನಡು ಎಳೆತದ ಬ್ರೇಕು ಹಾಕುವುದು ವ್ಯರ್ಥ.

ಎಲ್ಲ ಬಿಗಿದ ಮೇಲೆ ಸೈಕಲ್ಲನ್ನು ಕೈಯಲ್ಲಿ ತಳ್ಳುತ್ತಾ ಮುಂದಿನ ಬ್ರೇಕು ಗಟ್ಟಿಯಾಗಿ ಹಿಡಿದು ನೋಡಬೇಕು. ಹಿಂದಿನ ಚಕ್ರ ನೆಲ ಬಿಟ್ಟು ಏಳುವಂತಿದ್ದರೆ ಹಿಡಿತ ಸರಿ. ಹೊಸ ಕೇಬಲ್ ಮೊದಲ ಕೆಲವು ದಿನಗಳಲ್ಲಿ ಸಡಿಲಾಗುವುದರಿಂದ ಮತ್ತೆ ಬಿಗಿಯಬೇಕು. ಮಕ್ಕಳು ಈ ಕೆಲಸಕ್ಕೆ ಕೈಹಾಕಿದರೆ ಹಿರಿಯರು ಬೇಡವೆನ್ನಬೇಕಿಲ್ಲ. ಆದರೆ ರಸ್ತೆಗೆ ಇಳಿಯುವ ಮೊದಲು ಪ್ರತಿ ನಟ್ಟಿಗೂ ಒಮ್ಮೆ ತಾವೇ ಸ್ಪ್ಯಾನರ್ ಹಾಕಿ ನೋಡುವುದು ಒಳ್ಳೆಯದು.