ಅಜ್ಜನ ಹೆಸರಿನಲ್ಲೇ ಉಳಿದ ಪಹಣಿ

ಮಹಾಭಾರತದ ಶಾಂತಿಪರ್ವದಲ್ಲಿ ಭೀಷ್ಮನು ಯುಧಿಷ್ಠಿರನಿಗೆ ಮೂರು ಮೀನುಗಳ ಕಥೆಯೊಂದನ್ನು ಹೇಳುತ್ತಾನೆ. ಬೆಸ್ತರು ಕೊಳದ ನೀರನ್ನು ಹೊರಕ್ಕೆ ಹರಿಯಬಿಡುತ್ತಿರುವುದನ್ನು ಕಂಡು, ಬೇರೆಡೆಗೆ ಹೋಗಿಬಿಡೋಣವೆಂದು ದೂರದರ್ಶಿಯಾದ ಮೀನು ಎಚ್ಚರಿಸಿದಾಗ, ದೀರ್ಘಸೂತ್ರನೆಂಬ ಮೀನು ಆ ಮಾತನ್ನು ಅಲ್ಲಗಳೆಯುವುದಿಲ್ಲ. ನೀನು ಹೇಳುವುದು ಯುಕ್ತವೇ ಸರಿ, ಆದರೆ ತ್ವರೆಮಾಡತಕ್ಕ ಕಾರಣವೇನೂ ನನಗೆ ಕಾಣದು ಎಂದು ಉತ್ತರಿಸಿ ಅಲ್ಲಿಯೇ ಉಳಿಯುತ್ತದೆ, ಉಳಿದು ಸಾಯುತ್ತದೆ. ಕಥೆಗಾರನು ಮನುಷ್ಯಸ್ವಭಾವವನ್ನು ಎಷ್ಟು ಸೂಕ್ಷ್ಮವಾಗಿ ಕಂಡಿದ್ದನೆಂಬುದಕ್ಕೆ ಆ ಒಂದು ಸಮ್ಮತಿಯೇ ಸಾಕು. ಕಾರ್ಯವನ್ನು ಮುಂದೂಡುವವನು ಅದರ ಆವಶ್ಯಕತೆಯನ್ನು ಎಲ್ಲರಿಗಿಂತ ಮೊದಲೇ ಒಪ್ಪಿರುತ್ತಾನೆ, ಮತ್ತು ಹಾಗೆ ಒಪ್ಪಿದ ಸಮಾಧಾನದಲ್ಲಿಯೇ ದಿನಗಳನ್ನು ಕಳೆಯುತ್ತಾನೆ.

ನಮ್ಮ ನಾಡಿನಲ್ಲಿ ಈ ಸ್ವಭಾವದ ಲಿಖಿತ ಸಾಕ್ಷ್ಯವನ್ನು ನೋಡಬೇಕೆಂದಿದ್ದರೆ ಜಮೀನಿನ ಪಹಣಿಯನ್ನು ತೆರೆದು, ಖಾತೆದಾರನ ಹೆಸರನ್ನು ಬರೆಯುವ 9ನೆಯ ಕಾಲಮ್ಮನ್ನು ಓದಬೇಕು. ಉಳುವವನು ಮೊಮ್ಮಗ, ಕಂದಾಯ ಕಟ್ಟುವವನು ಮೊಮ್ಮಗ, ಆದರೆ ಅಲ್ಲಿರುವುದು ಎಂದೋ ತೀರಿಕೊಂಡ ಅಜ್ಜನ ಹೆಸರು. ತಂದೆ ಹೋದ ವರ್ಷದಲ್ಲಿ ತಮ್ಮನು, ‘ಅಣ್ಣಾ, ಪೌತಿ ಖಾತೆ ಮಾಡಿಸ್ಬೇಕಲ್ಲ’ ಎಂದು ಕೇಳಿರುತ್ತಾನೆ. ಅಣ್ಣನು, ‘ಹ್ಞೂಂ ಕಣೋ, ವರ್ಷಾಬ್ದಿಕ ಒಂದು ಕಳೀಲಿ, ಮಾಡ್ಸೋಣ’ ಎಂದಿರುತ್ತಾನೆ. ವರ್ಷಾಬ್ದಿಕ ಕಳೆದ ಮೇಲೆ ಸುಗ್ಗಿ ಬರುತ್ತದೆ, ಸುಗ್ಗಿ ಕಳೆದ ಮೇಲೆ ಮಗಳ ಮದುವೆ. ಹೀಗೆ ಇಪ್ಪತ್ತು ವರ್ಷ ಸಂದುಹೋಗಿ, ಬೆಳೆ ಸಾಲಕ್ಕೋ ಪರಿಹಾರದ ಹಣಕ್ಕೋ ಅರ್ಜಿ ಹಾಕಿದ ದಿನ, ಭೂಮಿಯು ಕಾಗದದ ಮೇಲೆ ತಮ್ಮದಲ್ಲವೆಂಬ ಸಂಗತಿ ಮನೆಯವರೆದುರು ಬಂದು ನಿಲ್ಲುತ್ತದೆ.

ಕಾಲವು ಕೆಲಸವನ್ನು ಇದ್ದ ಗಾತ್ರದಲ್ಲಿಯೇ ನಮಗಾಗಿ ಕಾಯ್ದಿಡುವುದಿಲ್ಲ. ಜನನ ಮರಣ ನೋಂದಣಿಯ 1969ರ ಕಾನೂನಿನಂತೆ ಸಾವಿನ ವಿಷಯವನ್ನು 21 ದಿನಗಳೊಳಗೆ ತಿಳಿಸಿದರೆ ನೋಂದಣಿಗೆ ಶುಲ್ಕವೇ ಇಲ್ಲ. 30 ದಿನಗಳ ತನಕ ತಡಶುಲ್ಕ ಕೊಟ್ಟರಾಯಿತು. ಒಂದು ವರ್ಷದವರೆಗೆ ಅಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ಮೀರಿತೆಂದರೆ ಮ್ಯಾಜಿಸ್ಟ್ರೇಟರ ಆದೇಶವನ್ನೇ ತರಬೇಕಾಗುತ್ತದೆ. ಖಾತೆ ಬದಲಾವಣೆಗೆ ಬೇಕಾಗುವ ವಂಶವೃಕ್ಷದ ಕಥೆ ಇದಕ್ಕಿಂತಲೂ ಕಠಿನವಾದುದು. ತಂದೆ ತೀರಿಕೊಂಡಾಗ ತಾಯಿಯೂ ನಾಲ್ವರು ಮಕ್ಕಳೂ ಒಂದೇ ಜಗುಲಿಯ ಮೇಲೆ ಕುಳಿತು ಸಹಿ ಹಾಕಬಹುದಾಗಿತ್ತು. ಮೂವತ್ತು ವರ್ಷಗಳ ತರುವಾಯ ಆ ನಾಲ್ವರಲ್ಲಿ ಇಬ್ಬರು ಇಲ್ಲ. ಅವರ ಮಕ್ಕಳು ಪುಣೆಯಲ್ಲೊಬ್ಬ, ಹೊಸೂರಿನಲ್ಲೊಬ್ಬ, ಮಾತು ಬಿಟ್ಟವನೊಬ್ಬ. ಅಂದು ಒಂದು ಮಧ್ಯಾಹ್ನದ ಕೆಲಸವಾಗಿದ್ದುದು ಇಂದು ಒಂದು ವ್ಯಾಜ್ಯದ ಬೀಜವಾಗಿದೆ.

ಇದನ್ನು ಸೋಮಾರಿತನವೆಂದು ಹಳಿಯುವವರ ಮಾತನ್ನು ನಾನು ಒಪ್ಪಲಾರೆ. ಖಾತೆ ಮಾಡಿಸದ ಆ ಅಣ್ಣನೇ ಕರೆಂಟು ಬರುವ ಹೊತ್ತಿಗೆ ನಡುರಾತ್ರಿಯಲ್ಲೆದ್ದು ಹೋಗಿ ಗದ್ದೆಗೆ ನೀರು ಕಟ್ಟಿ ಬರುವವನು. ಅವನ ದೇಹ ಶ್ರಮಕ್ಕೆ ಅಂಜಿದ್ದಲ್ಲ. ಅವನು ಅಂಜಿದುದು ತಂಗಿಯರ ಮುಂದೆ ಆ ಮಾತೆತ್ತುವುದಕ್ಕೆ. 1956ರ ಹಿಂದೂ ಉತ್ತರಾಧಿಕಾರ ಕಾನೂನು ಮಗಳನ್ನೂ ಮಗನ ಸಾಲಿನಲ್ಲಿ ವಾರಸುದಾರಳನ್ನಾಗಿ ನಿಲ್ಲಿಸಿತು. 2005ರ ತಿದ್ದುಪಡಿ ಪಿತ್ರಾರ್ಜಿತದಲ್ಲಿಯೂ ಆಕೆಗೆ ಹುಟ್ಟಿನಿಂದಲೇ ಸಮಪಾಲನ್ನು ಕೊಟ್ಟಿತು. ಆದುದರಿಂದ ಸಹಿ ಕೇಳುವುದೆಂದರೆ ಪಾಲಿನ ಮಾತನ್ನು ಎತ್ತಿದಂತೆಯೇ, ಮತ್ತು ಆ ಮಾತಿನ ಅಂಚಿನಲ್ಲಿ ತವರಿನ ಬಾಂಧವ್ಯವೇ ಮುರಿದೀತೆಂಬ ಭೀತಿಯುಂಟು. ‘ಆಮೇಲೆ ನೋಡೋಣ’ ಎಂದ ಕ್ಷಣದಲ್ಲಿ ಆ ಭೀತಿ ಅಡಗಿ ಎದೆ ಹಗುರಾಗುತ್ತದೆ. ಆ ಹಗುರಿನ ರುಚಿ ಹತ್ತಿದ ಮನಸ್ಸು ಮುಂದಿನ ಸಲವೂ ಅದನ್ನೇ ಬಯಸುತ್ತದೆ. ಫ್ಯೂಷಿಯಾ ಸಿರುವಾ ಮತ್ತು ಟಿಮೊಥಿ ಪಿಚಿಲ್ ಎಂಬ ಮನಶ್ಶಾಸ್ತ್ರಜ್ಞರು 2013ರ ಪ್ರಬಂಧವೊಂದರಲ್ಲಿ ಪ್ರತಿಪಾದಿಸಿದುದೂ ಇದನ್ನೇ: ಮುಂದೂಡುವವನು ದೀರ್ಘಕಾಲದ ಹಿತವನ್ನು ತೆತ್ತು ತತ್ಕಾಲದ ಮನೋನೆಮ್ಮದಿಯನ್ನು ಕೊಳ್ಳುತ್ತಾನೆ.

ಹೀಗಿರುವಲ್ಲಿ ಬೈಗಳಿಂದಾಗಲಿ ಉಪದೇಶದಿಂದಾಗಲಿ ಫಲವಿಲ್ಲ. ಅವು ಭೀತಿಗೆ ನಾಚಿಕೆಯನ್ನೂ ಕೂಡಿಸಿ ಕೆಲಸವನ್ನು ಇನ್ನಷ್ಟು ಅಪ್ರಿಯವಾಗಿಸುತ್ತವೆ. ಫಲ ಕಂಡ ಉಪಾಯವೊಂದು ಬಹು ಸರಳವಾದುದು. ಜರ್ಮನಿಯ ಪೀಟರ್ ಗೋಲ್ವಿಟ್ಸರ್ ಮತ್ತು ಅವರ ಸಹೋದ್ಯೋಗಿ, ಕ್ರಿಸ್‌ಮಸ್ ಹಿಂದಿನ ದಿನವನ್ನು ಹೇಗೆ ಕಳೆದಿರೆಂಬುದನ್ನು ಎರಡು ದಿನಗಳೊಳಗೆ ಬರೆದು ಕಳುಹಿಸಬೇಕೆಂದು ವಿದ್ಯಾರ್ಥಿಗಳಿಗೆ ಹೇಳಿ, ಅವರಲ್ಲಿ ಕೆಲವರಿಂದ ಮಾತ್ರ ಎಲ್ಲಿ ಕುಳಿತು, ಯಾವ ಹೊತ್ತಿನಲ್ಲಿ ಬರೆಯುವಿರೆಂಬುದನ್ನು ಮುಂಚಿತವಾಗಿ ಗೊತ್ತುಮಾಡಿಸಿದರು. 1997ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ, ಸ್ಥಳಕಾಲಗಳನ್ನು ಗೊತ್ತುಮಾಡಿಕೊಂಡವರು ಉಳಿದವರ ಸುಮಾರು ಎರಡರಷ್ಟು ಪ್ರಮಾಣದಲ್ಲಿ ಕೆಲಸವನ್ನು ಮುಗಿಸಿದ್ದರು. ಸಂಕಲ್ಪ ಎಲ್ಲರಲ್ಲಿಯೂ ಇತ್ತು. ಕೆಲವರ ಸಂಕಲ್ಪಕ್ಕೆ ಮಾತ್ರ ದೇಶಕಾಲಗಳ ಹಿಡಿಕೆ ಸಿಕ್ಕಿತ್ತು.

ನಮ್ಮ ಹಿರಿಯರು ಪೂಜೆಗೆ ಕುಳಿತಾಗ ಸಂವತ್ಸರ, ಮಾಸ, ತಿಥಿ, ವಾರಗಳನ್ನು ಉಚ್ಚರಿಸಿಯೇ ಸಂಕಲ್ಪ ಮಾಡುವುದನ್ನು ನೋಡಿದ್ದೇವೆ. ಲೌಕಿಕ ಕಾರ್ಯಕ್ಕೂ ಆ ಕ್ರಮ ಸಲ್ಲುತ್ತದೆ. ‘ಈ ವರ್ಷ ಖಾತೆ ಮಾಡಿಸಬೇಕು’ ಎಂಬ ಮಾತಿಗೆ ಕೈಕಾಲಿಲ್ಲ. ‘ಭಾನುವಾರ ಊಟವಾದ ಮೇಲೆ ತಂಗಿಗೆ ಫೋನು ಮಾಡಿ, ನಿನ್ನ ಪಾಲಿನ ವಿಷಯವನ್ನೂ ಕೂತು ಮಾತಾಡೋಣಮ್ಮ ಎನ್ನುತ್ತೇನೆ, ಸೋಮವಾರ ಒಂಬತ್ತರ ಬಸ್ಸಿಗೆ ಮರಣ ಪ್ರಮಾಣಪತ್ರ, ಆಧಾರ್, ಪಹಣಿಗಳನ್ನು ಚೀಲದಲ್ಲಿಟ್ಟುಕೊಂಡು ನಾಡಕಚೇರಿಗೆ ಹೋಗಿ ವಂಶವೃಕ್ಷಕ್ಕೆ ಅರ್ಜಿ ಕೊಡುತ್ತೇನೆ’ ಎಂಬಲ್ಲಿ ಕಾಲು ಹೊಸ್ತಿಲು ದಾಟುತ್ತದೆ. ಫೋನು ಮೊದಲು, ಬಸ್ಸು ಅನಂತರ. ಭಯವಿರುವ ತುದಿಯಿಂದಲೇ ಕೆಲಸವನ್ನು ಹಿಡಿಯದಿದ್ದರೆ, ಕಚೇರಿಗೆ ಎಷ್ಟು ಸಲ ಅಲೆದರೂ ಅದು ಭಯವನ್ನು ಬಳಸಿ ನಡೆದ ಸುತ್ತುದಾರಿಯಾಗಿಯೇ ಉಳಿಯುತ್ತದೆ. ತಂಗಿಯು ಪಾಲು ಕೇಳಿದರೂ ಕೇಳಬಹುದು. ಅದು ಆಕೆಯ ಹಕ್ಕು, ಇಪ್ಪತ್ತು ವರ್ಷ ತಡೆದರೂ ಅಳಿಯತಕ್ಕದ್ದಲ್ಲ.

ಮಕ್ಕಳನ್ನು ಈ ತೊಡಕಿಗೆ ನೂಕಬಾರದೆಂದು ಬಯಸುವ ಹಿರಿಯರಿಗೆ ಅವರದೇ ಆದ ಕೆಲಸವೊಂದುಂಟು. ಉಯಿಲು ಬರೆಯಲು ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾನೂನಿನ ಪ್ರಕಾರ ಬಿಳಿಯ ಹಾಳೆಯ ಮೇಲೆ ಬರೆದು ತಾವು ಸಹಿ ಮಾಡಿ, ಅದನ್ನು ಕಂಡ ಇಬ್ಬರು ಸಾಕ್ಷಿಗಳ ಸಹಿಯನ್ನು ಹಾಕಿಸಿದರೆ ಸಾಕು. ಆಸ್ತಿಯಲ್ಲಿ ಪಾಲಿಲ್ಲದ ನೆರೆಯವರನ್ನು ಸಾಕ್ಷಿಗೆ ಕರೆಯುವುದು ಲೇಸು, ಮತ್ತು ಅವರು ಯಾವ ದಿನ ಮನೆಯಲ್ಲಿರುವರೆಂಬುದನ್ನು ಇಂದು ಸಂಜೆಯೇ ಕೇಳಿ ಬರಬಹುದು.